ಕೂತು ಉಣ್ಣುವ ಲೆಕ್ಕ

ಸೈಜು ಮೂವತ್ತೆರಡರ ರಟ್ಟಿನ ಚೀಟಿ,
ಹಿಂಬದಿ ಖಾಲಿ. ಅದರ ಮೇಲೆ ಬರೆಯುತ್ತೇನೆ
ಭಾನುವಾರದ ಖರ್ಚು.

ಒಂದು ಜೇಬು ಹೊಲಿದರೆ ಎರಡು ರೂಪಾಯಿ.
ನನ್ನ ತಲೆಯಲ್ಲಿ ರೂಪಾಯಿಗಳಿಲ್ಲ, ಜೇಬುಗಳಿವೆ.
ನೀರಿನ ಪಾರ್ಕಿಗೆ ದೊಡ್ಡವರ ಟಿಕೆಟ್ಟು ಮುನ್ನೂರು ಜೇಬು,
ಅರವತ್ತು ದಾಟಿದ ಅತ್ತೆಗೆ ಅರ್ಧ,
ಮಗಳಿಗೂ ಅರ್ಧ, ಗೇಟಿನ ಗೆರೆ ಮೀರದಿದ್ದರೆ.
ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದೆ.
ಒಂದು ಬೆರಳು ಹೆಚ್ಚು! ದೀಪಾವಳಿಯಿಂದ ಈಚೆಗೆ
ಹೇಳದೆ ಕೇಳದೆ ಬೆಳೆದಿದ್ದಾಳೆ.
"ಜಡೆ ಬಿಚ್ಚಿ ಹೋದರೆ?" ಅವಳೇ ಕೇಳುತ್ತಾಳೆ.
ನೂರೈವತ್ತು ಹೊಡೆದು ಮುನ್ನೂರು ಬರೆದೆ.

ಜೀನ್ಸ್ ತೊಟ್ಟು ನೀರಿಗಿಳಿಯುವಂತಿಲ್ಲವಂತೆ ಅಲ್ಲಿ.
ಗಾದಿಲಿಂಗ ನಕ್ಕ:
"ದೇಶಕ್ಕೆಲ್ಲ ಪ್ಯಾಂಟು ಹೊಲಿದು ಕಳಿಸೋ ಬಳ್ಳಾರಿಯವರಿಗೆ
ಚಡ್ಡಿ ಬಾಡಿಗೆಗೆ!"
ಬಾಡಿಗೆ, ಇಪ್ಪತ್ತೈದು ಜೇಬು. ತಲೆಗೆ.

ಬುತ್ತಿ ಒಳಗೆ ಬಿಡುವುದಿಲ್ಲ.
ನಿಂತು ತಿಂದರೆ ಪಲಾವು ಎಂಬತ್ತು ರೂಪಾಯಿ, ಮುಗಿಯಿತು.
ಕೂತು ಉಣ್ಣುವುದು ಬೇರೆಡೆ. ಗಾಜಿನ ಬಾಗಿಲು, ಎ.ಸಿ.,
ಬಡಿಸುವವ ಬಂದು ನಿಲ್ಲುತ್ತಾನೆ.
"ಅಲ್ಲಿ ಕೂತ್ರೆ ಹೊಟ್ಟೆ ಬೇರೆ ಬರ್ತೈತಾ?"
ಗಂಡನ ಪ್ರಶ್ನೆ ಸರಿಯೇ.
ಆದರೂ ಬರೆದೆ: ಊಟ, ಕೂತು, ನಾಲ್ಕು ಜನ. ಐನೂರು ಜೇಬು.
ಮೂರು ತಿಂಗಳು ಮಧ್ಯಾಹ್ನದ ಚಹಾ ಬಿಟ್ಟಿದ್ದೆ,
ಯಾರಿಗೂ ಹೇಳಿರಲಿಲ್ಲ.

ಅತ್ತೆ ಸುಂಕಲಮ್ಮ
ಬ್ರೂಸ್‌ಪೇಟೆಯ ಖಾನಾವಳಿಯಲ್ಲಿ ಇಪ್ಪತ್ತೆರಡು ವರ್ಷ
ಕೂತೇ ಇದ್ದಳು, ಒಲೆ ಮುಂದೆ.
ಕೂರುವುದಕ್ಕೂ ಕೂರುವುದಕ್ಕೂ ಫರಕು ಇದೆ.
ಗೋಡೆಯ ಕಿಂಡಿಯಲ್ಲಿ ರೊಟ್ಟಿ ದಾಟಿಸುವಳು,
ಆಚೆಯಿಂದ ಬರುತ್ತಿದ್ದುದು ಒಂದು ಕೈ, ಒಂದು ಕೂಗು:
"ಎರಡು, ಬಿಸಿ!"
ಉಂಡವರ ಮುಖ ಒಂದೂ ನೋಡಿಲ್ಲ.

ಕೋಟೆಗುಡ್ಡದ ಬಂಡೆ ರಾತ್ರಿಯೂ ಬಿಸಿ ಉಗುಳುವ ಏಪ್ರಿಲ್.
ಹೋದೆವು.
ಜಾರುಬಂಡೆ, ಅಲೆ, ಕಿರುಚಾಟ, ಅದೆಲ್ಲ ಮಗಳನ್ನು ಕೇಳಿ.
ನಾನು ದಿನವಿಡೀ ಒಂದು ಗಂಟೆಗಾಗಿ ಕಾದೆ.

ಮೆನು ತೆರೆದುಕೊಂಡಳು ಅತ್ತೆ. ಅಕ್ಷರ ಬಾರದು, ಅಂಕಿ ಬರುತ್ತದೆ.
ಬೆರಳು ಬಲಗಡೆಯೇ ಇಳಿಯಿತು, ನಿಧಾನ,
ಎಲ್ಲಕ್ಕಿಂತ ಸಣ್ಣ ಅಂಕಿಯ ಮೇಲೆ ನಿಂತಿತು:
"ನನಗ ಇದು ಕೊಡ್ರಿ."
"ಅಜ್ಜಿ, ಅದು ಹಪ್ಪಳ."

ಆಮೇಲೆ ಜೋಳದ ರೊಟ್ಟಿ ಬಂತು, ಒಂದಕ್ಕೆ ನಲವತ್ತೈದು.
ಅಂಚು ಮುರಿದು, ಮೂಸಿ,
ಬೆಳಕಿಗೆ ಹಿಡಿದು ನೋಡಿದಳು, ನೋಟು ನೋಡುವ ಹಾಗೆ.
"ಹಿಟ್ಟು ಹಳೇದು. ಕೈ ಮಾತ್ರ ಚಲೋ ಐತೆ.
ಯಾರಪ್ಪಾ ಬಡಿಯಾಕಿ?"
"ಹಿಂದೆ ಒಬ್ಬರು ಇದಾರಜ್ಜಿ."
"ಆಕಿ ಉಂಡಾಳಾ?"
ಹುಡುಗ ಪೆನ್ನು ಹಿಡಿದುಕೊಂಡೇ ನಿಂತ.
ಬರೆದುಕೊಳ್ಳುವ ಮಾತಲ್ಲ ಅದು.

ಬಟ್ಟಲಲ್ಲಿ ಬಿಸಿನೀರು, ತೇಲುವ ಲಿಂಬೆಹೋಳು.
ಕೈ ತೊಳೆದು, ಹೋಳು ಹಿಂಡಿ ಒರೆಸಿ
ಎಲೆಯಡಿಕೆ ಚೀಲಕ್ಕೆ ಸೇರಿಸಿದಳು:
"ಇದರ ದುಡ್ಡೂ ಹಿಡಿದಿರ್ತಾರ."

ಬಿಲ್ಲು ಸಾವಿರದ ಅರವತ್ತನಾಲ್ಕು.
ಮೂವತ್ತೆರಡು ಜೇಬು ಹೆಚ್ಚು,
ಸೋಮವಾರ ಮಧ್ಯಾಹ್ನದೊಳಗೆ ಹೊಲಿದು ಮುಗಿಸಬಹುದು.
ಗಂಡ ಏನೂ ಅನ್ನಲಿಲ್ಲ. ಸೋಂಪು ಎರಡು ಸಲ ತಗೊಂಡ.
ಏಳುವಾಗ ಅತ್ತೆ
ಕುರ್ಚಿಯನ್ನು ಒಳಗೆ ತಳ್ಳಿದಳು, ತಟ್ಟೆ ಎತ್ತಲು ಹೋದಳು.
ನಾನು ಮೊಣಕೈ ಹಿಡಿದೆ.

ಸೋಮವಾರ ಕೌಲ್ ಬಜಾರಿನ ಶೆಡ್ಡಿನಲ್ಲಿ
ಮೂವತ್ತೆರಡರ ಚೀಟಿ ಒಂದು ಕಮ್ಮಿ ಬಿತ್ತು.
ಮೇಸ್ತ್ರಿ ಬೈಯುವ ಮೊದಲೇ
ಬ್ಯಾಗಿನಿಂದ ತೆಗೆದು ಪ್ಯಾಂಟಿಗೆ ಪೋಣಿಸಿದೆ.
ಹಿಂಬದಿ ಯಾರು ನೋಡುತ್ತಾರೆ?
ಯಾವುದೋ ಊರಿನ ಅಂಗಡಿಯಲ್ಲಿ
ಯಾರಾದರೂ ತಿರುಗಿಸಿದರೆ ಓದಿಕೊಳ್ಳಲಿ:
ಊಟ, ಕೂತು, ನಾಲ್ಕು ಜನ.